ಚೀಟಿ ಕೊಟ್ಟರೆ ಕಣ್ಣು ಉಳಿಯುವುದಿಲ್ಲ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಲ್ಲೇ ಇರಲಿ, ಸೊಸೈಟಿ ಹಾಲಿನಲ್ಲಿ ಉಚಿತ ನೇತ್ರ ತಪಾಸಣಾ ಶಿಬಿರ ನಮಗೆ ಹೊಸದಲ್ಲ. ಇನ್ನು ಅದಕ್ಕೆ ಎಐ ಸೇರಿಸೋಣ, ಫೋಟೊ ತೆಗೆದರೆ ಸಾಕು, ಗ್ಲಾಕೋಮಾ ಸಿಕ್ಕಿಬೀಳುತ್ತದೆ ಎನ್ನುವ ಉತ್ಸಾಹ ನಮ್ಮ ಐಟಿ ಬಳಗದ್ದು. ಈ ಉತ್ಸಾಹದ ಬಗ್ಗೆ ನನ್ನ ತಕರಾರಿದೆ. ವರ್ಷಗಟ್ಟಲೆ ಪ್ರಾಜೆಕ್ಟ್ ನಡೆಸಿದವನಾಗಿ ಹೇಳುತ್ತೇನೆ: ಡೆಮೊ ಬೇರೆ, ಡೆಲಿವರಿ ಬೇರೆ.

ಯಂತ್ರ ದಡ್ಡ ಎನ್ನುತ್ತಿಲ್ಲ. ಬೆಂಗಳೂರಿನ ರೆಮಿಡಿಯೊ ಕಂಪನಿಯ ಫೋನ್ ಕ್ಯಾಮೆರಾ ಮತ್ತು ಎಐಯನ್ನು ಮುಂಬಯಿ ಮಹಾನಗರಪಾಲಿಕೆಯ ದವಾಖಾನೆಗಳಲ್ಲೇ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಫಲಿತಾಂಶ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಹುಡುಕಿದ್ದು ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ಹಾನಿಯನ್ನು. ರಕ್ತದ ಚುಕ್ಕೆಗಳು ಫೋಟೊದಲ್ಲಿ ಕಾಣುತ್ತವೆ. ಗ್ಲಾಕೋಮಾದಲ್ಲಿ ನೋಡಬೇಕಾದ್ದು ಕಣ್ಣಿನ ನರದ ತುದಿಯಲ್ಲಿರುವ ಗುಳಿಯನ್ನು. ಕೆಲವರಿಗೆ ಅದು ಹುಟ್ಟಿನಿಂದಲೇ ದೊಡ್ಡದು. ಹಾಗಾಗಿ ಕಣ್ಣಿನ ಒತ್ತಡ ಅಳೆಯಬೇಕು, ಒಳಗಿನ ನೀರು ಹೊರಹೋಗುವ ಕೋನ ನೋಡಬೇಕು, ದೃಷ್ಟಿಕ್ಷೇತ್ರದ ಪರೀಕ್ಷೆಯೂ ಆಗಬೇಕು.

ಒಂದು ಲೆಕ್ಕ ಹಾಕಿ. 1000 ಜನರಲ್ಲಿ 30 ಮಂದಿಗೆ ಕಾಯಿಲೆ ಇದೆ ಎಂದುಕೊಳ್ಳಿ. ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 90 ಸಲ ಸರಿ ಹೇಳುವ ಯಂತ್ರ 27 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆಯೇ ಇಲ್ಲದ 97 ಮಂದಿಗೂ ಅನುಮಾನದ ಚೀಟಿ ಕೊಡುತ್ತದೆ. ತಪ್ಪಿಹೋದ ಮೂವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಉಳಿದ 124 ಚೀಟಿಗಳಿಗೆ ಯಾರು ಜವಾಬ್ದಾರಿ? ಹೋಟೆಲಿನಲ್ಲಿ ದುಡಿಯುವ ನಮ್ಮೂರಿನವನು ಒಂದು ದಿನದ ಸಂಬಳ ಬಿಟ್ಟು, ಲೋಕಲ್ ಹಿಡಿದು ದೊಡ್ಡಾಸ್ಪತ್ರೆಯ ಕ್ಯೂನಲ್ಲಿ ನಿಲ್ಲುತ್ತಾನೆಯೇ? ಅವನಿಗೆ ನೋವಿಲ್ಲ, ಎದುರಿನದು ಚೆನ್ನಾಗಿಯೇ ಕಾಣುತ್ತಿದೆ.

ಚಿಕಿತ್ಸೆಯ ಕಥೆ ಇನ್ನೂ ಉದ್ದ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಇದು ಪೊರೆ ತೆಗೆಸಿದಂತಲ್ಲ. ಉಳಿದದ್ದನ್ನು ಕಾಪಾಡಲು ಹೆಚ್ಚಿನವರು ದಿನವೂ, ಬಹಳಷ್ಟು ಸಲ ಜೀವಮಾನವಿಡೀ, ಹನಿ ಹಾಕಿಕೊಳ್ಳಬೇಕು. ಹಾಕಿದ್ದಕ್ಕೆ ದೃಷ್ಟಿ ಸುಧಾರಿಸಿದ್ದೇನೂ ಕಾಣದು. ಆಗ ಬಾಟಲಿ ಮುಗಿದ ಮೇಲೆ ಇನ್ನೊಂದು ತರುವವರು ಎಷ್ಟು ಜನ?

ಏನೂ ಇಲ್ಲದ್ದಕ್ಕಿಂತ ಇದು ವಾಸಿಯಲ್ಲವೇ ಎಂದು ಕೇಳುವಿರಿ. ನಮ್ಮ ದೇಶದಲ್ಲಿ ಗ್ಲಾಕೋಮಾ ಇರುವ ಬಹುಪಾಲು ಜನರಿಗೆ ಅದು ಇರುವುದೇ ಗೊತ್ತಿಲ್ಲ, ನಿಜ. ಅದಕ್ಕೇ ತಪಾಸಣೆ ಬೇಕು. ಆದರೆ ಮುಂದಿನ ದಾರಿ ತೋರಿಸದ ತಪಾಸಣೆ ಹೆದರಿಸಿ ಕಳಿಸುತ್ತದೆ, ಇಲ್ಲವೇ ಸುಳ್ಳು ಧೈರ್ಯ ಕೊಡುತ್ತದೆ.

ಆದ್ದರಿಂದ ಶಿಬಿರ ಮಾಡುವ ಸಂಘಗಳಿಗೆ ನನ್ನ ಷರತ್ತುಗಳಿವು. ಕ್ಯಾಮೆರಾ ತರಿಸುವ ಮೊದಲು ಕಣ್ಣಿನ ಆಸ್ಪತ್ರೆಯೊಂದರ ಜೊತೆ ಮಾತಾಡಿ, ಚೀಟಿ ಸಿಕ್ಕವರಿಗೆ ತಾರೀಖು ಗೊತ್ತು ಮಾಡಿ. ತಿಂಗಳಿಗೆ, ಆರು ತಿಂಗಳಿಗೆ ಕನ್ನಡದಲ್ಲಿ ಫೋನ್ ಮಾಡಿ ವಿಚಾರಿಸಲು ಇಬ್ಬರನ್ನು ನೇಮಿಸಿ. ವರದಿಯಲ್ಲಿ ಎಷ್ಟು ಫೋಟೊ ತೆಗೆದಿರಿ ಎಂದು ಬರೆಯುವುದು ಬೇಡ. ಎಷ್ಟು ಜನ ಡಾಕ್ಟರನ್ನು ಕಂಡರು, ವರ್ಷದ ನಂತರವೂ ಎಷ್ಟು ಜನ ಹನಿ ಹಾಕುತ್ತಿದ್ದಾರೆ ಎಂದು ಬರೆಯಿರಿ. ಓದುಗರೇ, ನಿಮ್ಮ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಯಾವ ಶಿಬಿರಕ್ಕೂ ಕಾಯಬೇಡಿ. ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.