ಹತ್ತನ್ನು ಸಾಲ ತರುವುದೇ, ಬಿಡಿಸುವುದೇ?

ಮೂರನೆಯ ತರಗತಿಯ ಬಾಲಕನೊಬ್ಬ 42ರಲ್ಲಿ 17ನ್ನು ಕಳೆದು 35 ಎಂದು ಬರೆದರೆ, ಅಧ್ಯಾಪಕರು ಅದರ ಮೇಲೆ ಅಡ್ಡಗೆರೆ ಎಳೆದು ಮುಂದೆ ಸಾಗುವುದು ವಾಡಿಕೆ. ಆದರೆ ಆ ಉತ್ತರದಲ್ಲಿರುವುದು ಅಲಕ್ಷ್ಯವಲ್ಲ, ಒಂದು ಕ್ರಮ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಅವನಿಗೆ ಹಿಂದೆಯೇ ಹೇಳಿಕೊಟ್ಟಿದ್ದಾರೆ. ಎರಡರಲ್ಲಿ ಏಳು ಹೋಗದಿರಲು, ಅವನು ಏಳರಲ್ಲಿಯೇ ಎರಡನ್ನು ಕಳೆದಿದ್ದಾನೆ. ಕಲಿಸಿದ ಮಾತನ್ನು ಪಾಲಿಸಿ ತಪ್ಪಿದವನನ್ನು ದಡ್ಡನೆಂದು ಕರೆಯುವುದು ನ್ಯಾಯವಲ್ಲ.

ಈ ತೊಡಕಿಗೆ ಪರಿಹಾರವಾಗಿ ಶಾಲೆಗಳಲ್ಲಿ ಒಂದು ಕಥೆ ಬಹುಕಾಲದಿಂದ ನಡೆದುಬಂದಿದೆ. ಬಿಡಿಯ ಮನೆಯಲ್ಲಿ ಸಾಲದೆ ಹೋದರೆ ಪಕ್ಕದ ಹತ್ತರ ಮನೆಗೆ ಹೋಗಿ ಒಂದನ್ನು ಸಾಲ ತರಬೇಕು ಎಂಬುದೇ ಆ ಕಥೆ. ಕೇಳಲು ರಂಜಕವಾದರೂ ಅದು ಮಗುವಿನ ವಿವೇಕಕ್ಕೆ ಒಗ್ಗುವಂಥದಲ್ಲ. ಅರಕಲಗೂಡು ಸೀಮೆಯ ರೈತನ ಮಗುವಿಗೆ ಸಾಲವೆಂದರೇನೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪು ಮಾರಿ ಬಂದ ಹಣದಲ್ಲಿ ಮೊದಲು ತೀರಬೇಕಾದದ್ದು ಸಾಲ, ಮಿಕ್ಕದ್ದು ಮನೆಗೆ ಎಂಬುದನ್ನು ಅದು ಕಂಡು ಬೆಳೆದಿದೆ. ಅಂಥ ಮಗು, ‘ಈ ಸಾಲವನ್ನು ಎಂದು ತೀರಿಸುವುದು? ಒಂದನ್ನು ತಂದರೆ ಹತ್ತು ಹೇಗಾಯಿತು?’ ಎಂದು ಕೇಳಿದರೆ ಕಥೆಯಲ್ಲಿ ಉತ್ತರವಿಲ್ಲ.

ಉತ್ತರ ಕನ್ನಡ ನುಡಿಯಲ್ಲಿಯೇ ಇದೆ. ಒಂದರ ಸ್ಥಾನವನ್ನು ಕನ್ನಡಿಗರು ‘ಬಿಡಿ’ ಎನ್ನುತ್ತಾರೆ. ಅದು ‘ಬಿಡು’ ಧಾತುವಿನ ಸಂತಾನ. ‘ಬಿಡಿಸು’ ಎಂಬುದೂ ಅದರದೇ ಕುಲದ್ದು. ಕಟ್ಟಿದ ಹತ್ತನ್ನು ಬಿಡಿಸಿದರೆ ಹತ್ತು ಬಿಡಿಗಳಾಗುತ್ತವೆ. ನಲವತ್ತೆರಡೆಂದರೆ ನಾಲ್ಕು ಕಟ್ಟು, ಎರಡು ಬಿಡಿ. ಒಂದು ಕಟ್ಟನ್ನು ಬಿಡಿಸಿದಾಗ ಮೂರು ಕಟ್ಟು, ಹನ್ನೆರಡು ಬಿಡಿ. ಸಂಖ್ಯೆ ಅದೇ, ಇರುವ ರೂಪ ಮಾತ್ರ ಬೇರೆ. ಹನ್ನೆರಡರಲ್ಲಿ ಏಳು ಹೋದರೆ ಐದು, ಮೂರರಲ್ಲಿ ಒಂದು ಹೋದರೆ ಎರಡು, ಉಳಿದದ್ದು 25. ಇಲ್ಲಿ ಸಾಲಗಾರನೂ ಇಲ್ಲ, ಸಾಲಿಗನೂ ಇಲ್ಲ.

ಹಳೆಯ ತಲೆಮಾರಿನವರಿಗೆ ಈ ತತ್ತ್ವ ವ್ಯವಹಾರದಿಂದಲೇ ಸಿದ್ಧಿಸಿತ್ತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. ಐದು ರೂಪಾಯಿ ಮೂರು ಆಣೆಯಲ್ಲಿ ಎರಡು ರೂಪಾಯಿ ಏಳು ಆಣೆ ಕೊಡಬೇಕಾದವನು ಒಂದು ರೂಪಾಯಿಯನ್ನು ಮುರಿಸಿ ಹತ್ತೊಂಬತ್ತು ಆಣೆ ಮಾಡಿಕೊಳ್ಳುತ್ತಿದ್ದನು. ಎರಡು ರೂಪಾಯಿ ಹನ್ನೆರಡು ಆಣೆ ಉಳಿಯುತ್ತಿತ್ತು. ಸಂತೆಯ ಆ ‘ಮುರಿಸುವುದು’ ಎಂಬ ಮಾತು ಶಾಲೆಯ ‘ಸಾಲ’ಕ್ಕಿಂತ ಎಷ್ಟೋ ಸತ್ಯವಾದದ್ದು.

‘ಸಾಲ’ ಎಂಬ ಮಾತು ಸಲ್ಲುವ ಒಂದು ಪದ್ಧತಿಯೂ ಉಂಟು. ಬ್ರಿಟನ್ನಿನ ಶಾಲೆಗಳಲ್ಲಿ ಬಹುಕಾಲ ನಡೆದ ಸಮಸಂಕಲನ ಕ್ರಮದಲ್ಲಿ ಮೇಲಿನ ಬಿಡಿಗೆ ಹತ್ತನ್ನು ಸೇರಿಸಿ, ಕೆಳಗಿನ ಹತ್ತರ ಸ್ಥಾನಕ್ಕೆ ಒಂದನ್ನು ಸೇರಿಸುತ್ತಾರೆ. ಅಲ್ಲಿ ತಂದದ್ದು ಅಲ್ಲಿಯೇ ಸಂದಾಯವಾಗುತ್ತದೆ. ಕಟ್ಟು ಬಿಡಿಸುವ ಕ್ರಮವನ್ನು ಕಲಿಸುತ್ತ ಆ ಕ್ರಮದ ಮಾತನ್ನು ಆಡಿದರೆ ಗೊಂದಲವಲ್ಲದೆ ಮತ್ತೇನು?

1999ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಲಿಪಿಂಗ್ ಮಾ ಎಂಬ ವಿದುಷಿ ಅಮೆರಿಕ ಮತ್ತು ಚೀನಾ ದೇಶಗಳ ಪ್ರಾಥಮಿಕ ಅಧ್ಯಾಪಕರನ್ನು ಹೋಲಿಸಿದರು. ಅವರ ಮೊದಲ ಪ್ರಶ್ನೆ ಇದೇ ವ್ಯವಕಲನವನ್ನು ಕುರಿತದ್ದು. ಅಮೆರಿಕದ ಅಧ್ಯಾಪಕರಲ್ಲಿ ಹೆಚ್ಚಿನವರು ಸಾಲದ ಮಾತಿನಲ್ಲಿ ಅಥವಾ ಮಾಡುವ ವಿಧಾನದಲ್ಲಿಯೇ ನಿಂತರೆ, ಚೀನಾದ ಬಹುಮಂದಿ ಮೇಲಿನ ಸ್ಥಾನದ ಒಂದನ್ನು ಬಿಡಿಸುವುದೆಂದು ವಿವರಿಸಿದ್ದರು.

ನಾಡಿನ ಪರಂಪರೆಯಲ್ಲಿಯೂ ಈ ಭಾರ ಗುರುವಿನ ಮೇಲೆಯೇ ಇದ್ದಿತು. ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಪರಿಕರ್ಮಗಳನ್ನು ಗುಣಾಕಾರದಿಂದಲೇ ಆರಂಭಿಸುತ್ತಾನೆ, ಸಾಮಾನ್ಯ ಕೂಡುವಿಕೆ, ಕಳೆಯುವಿಕೆಗಳು ಓದುಗನಿಗೆ ಬರುತ್ತವೆಂದೇ ಭಾವಿಸಿದ್ದಾನೆ. ಮಹಾಗ್ರಂಥ ಕೈಬಿಟ್ಟ ಪಾಠವನ್ನು ಮಗುವಿನ ಪಕ್ಕದಲ್ಲಿ ಕುಳಿತವರೇ ಕಲಿಸಬೇಕು.

ಸಾಲದ ಕಥೆಯಿಂದ ಮಕ್ಕಳು ಬೇಗ ಲೆಕ್ಕ ಮಾಡುತ್ತಾರೆ, ಕಡ್ಡಿಗಳನ್ನು ಎಣಿಸುತ್ತ ಕುಳಿತರೆ ಪಾಠ ಮುಗಿಯದು ಎಂದು ಅನುಭವಿಗಳಾದ ಅಧ್ಯಾಪಕರು ಹೇಳಬಹುದು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಅಭ್ಯಾಸ ಬೇಕು, ವೇಗವೂ ಬೇಕು. ಆದರೆ 403ರಲ್ಲಿ 178ನ್ನು ಕಳೆಯುವಾಗ ಕಥೆ ಮುಗ್ಗರಿಸುತ್ತದೆ. ಪಕ್ಕದ ಮನೆಯಲ್ಲಿ ಸೊನ್ನೆ. ಬಿಡಿಸುವುದನ್ನು ಬಲ್ಲ ಮಗು ಮಾತ್ರ ಒಂದು ನೂರನ್ನು ಹತ್ತು ಹತ್ತುಗಳನ್ನಾಗಿ, ಅದರಲ್ಲೊಂದನ್ನು ಹತ್ತು ಬಿಡಿಗಳನ್ನಾಗಿ ಮಾಡಿ, ಮೂರು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿಗಳಿಂದ 225ನ್ನು ಪಡೆಯುತ್ತದೆ. ಅರ್ಥ ಮೊದಲು, ಅಭ್ಯಾಸ ಆಮೇಲೆ. ಈ ಕ್ರಮದಲ್ಲಿ ಕಾಲ ವ್ಯರ್ಥವಾಗದು.

ಇದು ಸಣ್ಣ ವಿಷಯವೆಂದು ಎಣಿಸಲಾಗದು. 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆ ಗ್ರಾಮೀಣ ಮಕ್ಕಳ ಮನೆಬಾಗಿಲಿಗೆ ಹೋಗಿ ಗಣಿತಜ್ಞಾನವನ್ನು ಅಳೆಯುವಾಗ, ಅಂಕಿಗಳನ್ನು ಗುರುತಿಸುವುದಕ್ಕೂ ಭಾಗಾಕಾರಕ್ಕೂ ನಡುವೆ ಇಟ್ಟಿರುವ ಮೆಟ್ಟಿಲು ಇದೇ ಎರಡಂಕಿಯ ವ್ಯವಕಲನ. ಇಲ್ಲಿ ಕಾಲು ಜಾರಿದ ಮಗು ಮೇಲಿನ ತರಗತಿಗಳಲ್ಲಿ ಗಣಿತವೆಂದರೆ ಬೆದರುತ್ತದೆ, ತನಗೆ ಬುದ್ಧಿಯಿಲ್ಲವೆಂದು ನಂಬುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಯಾವುದು?

ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಡುವುದು ಸ್ತುತ್ಯವಾದ ಕಾರ್ಯ. ಆ ಕೊಠಡಿಗಳ ಒಳಗೆ ಪ್ರತಿ ಮಗುವಿನ ಕೈಗೂ ಹತ್ತುಹತ್ತಾಗಿ ಕಟ್ಟಿದ ಕಡ್ಡಿಗಳ ಹತ್ತು ಕಟ್ಟುಗಳು ದೊರೆಯುವಂತಾಗಲಿ. ಅದಕ್ಕೆ ಹಣಕ್ಕಿಂತ ಮನಸ್ಸೇ ಹೆಚ್ಚು ಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಮಕ್ಕಳು 35 ಎಂದು ಬರೆದಾಗ ಗದರದೆ, ಹೇಗೆ ಬಂತೆಂದು ಒಮ್ಮೆ ಕೇಳಲಿ. ಅಧ್ಯಾಪಕರು ‘ಸಾಲ ತಾ’ ಎನ್ನುವ ಕಡೆ ‘ಕಟ್ಟು ಬಿಡಿಸು’ ಎನ್ನಲಿ. ಮಗುವಿನ ಬೆರಳು ದಾರದ ಗಂಟನ್ನು ಬಿಚ್ಚಿದ ದಿನವೇ ಅದರ ಮನಸ್ಸಿನ ಗಂಟೂ ಬಿಚ್ಚುತ್ತದೆ.