ಮಗುವಿಗಾಗಿ ಕಾಯದ ತಾಳ

ಕ್ಯಾಲಿಫೋರ್ನಿಯಾದ ಸಾರ್ವಜನಿಕ ಶಾಲೆಗಳ ಕಲಾಶಿಕ್ಷಣಕ್ಕೆ ವರ್ಷವೂ ನೂರು ಕೋಟಿ ಡಾಲರಿನ ಆಸುಪಾಸಿನ ಹಣವನ್ನು ಮೀಸಲಿಡುವ 28ನೇ ಪ್ರಸ್ತಾವಕ್ಕೆ ಆ ರಾಜ್ಯದ ಮತದಾರರು 2022ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟರು. ನೂರಕ್ಕೆ ಸುಮಾರು 64 ಮತಗಳು ಅದರ ಪರವಾಗಿದ್ದವು. ಆ ಕಾನೂನಿನಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಷರತ್ತಿದೆ. ಐನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಜಿಲ್ಲೆಗಳು ಈ ಹಣದಲ್ಲಿ ಕನಿಷ್ಠ ಶೇ. 80ನ್ನು ಮನುಷ್ಯರ ಮೇಲೆ, ಎಂದರೆ ಕಲಾಶಿಕ್ಷಕರ ಮತ್ತು ಸಹಾಯಕರ ನೇಮಕದ ಮೇಲೆಯೇ ವೆಚ್ಚ ಮಾಡಬೇಕು. ಶೇ. 1 ಆಡಳಿತಕ್ಕೆ; ಉಳಿದ ಶೇ. 19 ತರಬೇತಿ, ವಾದ್ಯ, ಸಲಕರಣೆ ಮೊದಲಾದವುಗಳಿಗೆ. ಈ ಅನುಪಾತ ಲೆಕ್ಕಿಗರ ಹಠವೆಂದು ತೋರಬಹುದು. ಆದರೆ ಅಮೆರಿಕದ ಪ್ರಾಥಮಿಕ ಶಾಲೆಗಳ ಸಂಗೀತ ತರಗತಿಗಳಲ್ಲಿ ಇಂದು ನಡೆಯುತ್ತಿರುವುದನ್ನು ಬಲ್ಲವರಿಗೆ ಅದರೊಳಗೆ ಒಂದು ಶಿಕ್ಷಣ ತತ್ತ್ವವೇ ಇರುವುದು ಕಾಣುತ್ತದೆ.

ತರಗತಿಯ ಗೋಡೆಯ ಮೇಲೊಂದು ದೊಡ್ಡ ಪರದೆ. ಅದರಲ್ಲಿ ಮಕ್ಕಳು ಮೊದಲೇ ಬಲ್ಲ ಒಂದು ಜನಪ್ರಿಯ ಹಾಡು ಮೊಳಗುತ್ತಿರುತ್ತದೆ. ಬಣ್ಣ ಬಣ್ಣದ ಚುಕ್ಕಿಗಳು ಬಲದಿಂದ ಎಡಕ್ಕೆ ಹರಿದು ಬರುತ್ತವೆ. ಪ್ರತಿ ಮಗುವಿನ ಕೈಯಲ್ಲೂ ಬೂಮ್‌ವ್ಯಾಕರ್ ಎಂಬ ಪ್ಲಾಸ್ಟಿಕ್ ಕೊಳವೆ. ಕೊಳವೆಯ ಉದ್ದಕ್ಕೆ ತಕ್ಕಂತೆ ಸ್ವರ, ಸ್ವರಕ್ಕೆ ತಕ್ಕಂತೆ ಬಣ್ಣ: ಕೆಂಪು ಷಡ್ಜ, ಕಿತ್ತಳೆ ರಿಷಭ, ಹಳದಿ ಗಾಂಧಾರ ಎಂದುಕೊಳ್ಳಬಹುದು. ಕೆಂಪು ಚುಕ್ಕಿ ಗೆರೆ ಮುಟ್ಟಿದೊಡನೆ ಕೆಂಪು ಕೊಳವೆಯವರು ಅದನ್ನು ಅಂಗೈಗೋ ನೆಲಕ್ಕೋ ಬಡಿಯಬೇಕು. ಇದಕ್ಕೆ ‘ಪ್ಲೇ ಅಲಾಂಗ್’ ಎಂದು ಹೆಸರು. ಕೊಳವೆಯ ಜಾಗದಲ್ಲಿ ಯುಕುಲೆಲೆ, ರೆಕಾರ್ಡರ್, ಬಕೆಟ್ಟು, ಕೊನೆಗೆ ಕಾಗದದ ಲೋಟವೂ ಬರಬಹುದು.

ಇದನ್ನು ಹಗುರವಾಗಿ ತಳ್ಳಿಹಾಕುವುದು ಅನ್ಯಾಯ. ಒಂದು ಸ್ವರವನ್ನೂ ಓದಲು ಬಾರದ ಇಪ್ಪತ್ತೈದು ಮಕ್ಕಳು ಮೊದಲ ಹತ್ತು ನಿಮಿಷದಲ್ಲಿಯೇ ಒಂದು ಹಾಡಿನೊಳಗೆ ಪಾಲುದಾರರಾಗುತ್ತಾರೆ. ನಿನ್ನೆಯಷ್ಟೇ ಗ್ವಾಟೆಮಾಲದಿಂದಲೋ ಸೋಮಾಲಿಯಾದಿಂದಲೋ ಬಂದು ಇಂಗ್ಲಿಷಿನ ಒಂದಕ್ಷರವೂ ತಿಳಿಯದ ಮಗುವಿಗೆ ಬಣ್ಣದ ಚುಕ್ಕಿಗೆ ಅನುವಾದ ಬೇಕಿಲ್ಲ. ಸಂಕೋಚದ ಮಗುವಿನ ತಪ್ಪು ಗದ್ದಲದಲ್ಲಿ ಮುಚ್ಚಿಹೋಗುತ್ತದೆ, ಅದರ ಧೈರ್ಯ ಮಾತ್ರ ಉಳಿಯುತ್ತದೆ. (ತಪ್ಪು ಸ್ವರಕ್ಕೆ ಕಿವಿ ಹಿಂಡುತ್ತಿದ್ದ ಸಂಗೀತದ ಮೇಷ್ಟರನ್ನು ಬಲ್ಲ ಕನ್ನಡಿಗರು ಹಳೆಯ ಪಾಠಕ್ರಮದ ಬಗ್ಗೆ ಅತಿಯಾಗಿ ಹಂಬಲಿಸಬೇಕಾದ ಕಾರಣವೂ ಇಲ್ಲ.)

ಆದರೆ ಈ ಪದ್ಧತಿ ಇಷ್ಟು ಬೇಗ ಬೇರೂರಿದ್ದಕ್ಕೆ ಕಾರಣ ಅದರ ಗುಣಗಳಷ್ಟೇ ಅಲ್ಲ. 2020ರ ಸೋಂಕಿನ ಕಾಲದಲ್ಲಿ ಶಾಲೆಗಳು ಕಂಪ್ಯೂಟರಿನ ಕಿಟಕಿಗಳಿಗೆ ವಲಸೆ ಹೋದಾಗ ಲೆಕ್ಕ, ಭಾಷೆ ಹೇಗೋ ಕುಂಟುತ್ತ ಸಾಗಿದವು. ಸಮೂಹ ಸಂಗೀತ ಸಾಗಲಿಲ್ಲ. ದನಿ ಒಂದು ಮನೆಯಿಂದ ಇನ್ನೊಂದು ಮನೆಗೆ ತಲುಪುವಲ್ಲಿ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ತಡವಾದರೂ ಎರಡು ಕೈಗಳ ತಾಳ ಕೂಡುವುದಿಲ್ಲ. ಹಾಗಾಗಿ ಶಿಕ್ಷಕರು ಎಲ್ಲ ಮಕ್ಕಳ ಧ್ವನಿಯನ್ನೂ ಮುಚ್ಚಿ, ಒಂದು ವಿಡಿಯೊ ಹಾಕಿ, ಪ್ರತಿಯೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಅದರ ಜೊತೆಗೆ ನುಡಿಸುವಂತೆ ಮಾಡಿದರು. ಆ ಹೊತ್ತಿಗೆ ಅದು ಜಾಣ ಪರಿಹಾರ. ಮಕ್ಕಳು ತರಗತಿಗೆ ಮರಳಿದರು. ಎಷ್ಟೋ ಕಡೆ ವಿಡಿಯೊ ಅವರ ಹಿಂದೆಯೇ ಬಂದು ಗೋಡೆಯ ಮೇಲೆ ಕುಳಿತಿತು. ಒಂದೇ ನೆಲಹಾಸಿನ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಮಕ್ಕಳು ಈಗಲೂ ಒಬ್ಬೊಬ್ಬರೇ, ಪರದೆಯ ಜೊತೆಗೆ ಮಾತ್ರ, ನುಡಿಸುತ್ತಿದ್ದಾರೆ.

ಕಷ್ಟವಿರುವುದು ಇಲ್ಲಿ. ಪರದೆ ಕಾಯುವುದಿಲ್ಲ. ಮೂರನೆಯ ಸಾಲಿನ ಮಗು ಒಂದು ಮಾತ್ರೆ ಹಿಂದೆ ಬಿದ್ದರೆ ಶಿಕ್ಷಕಿ ಲಯವನ್ನು ತುಸು ತಗ್ಗಿಸುತ್ತಾಳೆ, ಆ ಮಗುವಿನ ಕಡೆಗೊಮ್ಮೆ ತಲೆಯಾಡಿಸುತ್ತಾಳೆ, ಕಠಿಣವಾದ ಎರಡು ಅಕ್ಷರವನ್ನು ಬಿಡಿಸಿ ನಾಲ್ಕು ಸಲ ನುಡಿಸುತ್ತಾಳೆ. ವಿಡಿಯೊಗೆ ಮಗು ಹಿಂದೆ ಬಿದ್ದದ್ದೇ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾದುದು, ಮಗುವಿಗೆ ಪಕ್ಕದವರನ್ನು ಕೇಳಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಚುಕ್ಕಿ ಗೆರೆಗೆ ಬಂದಾಗ ಹೊಡೆಯುವುದು ಕಣ್ಣಿನ ಕೆಲಸ. ಒಟ್ಟಾಗಿ ನುಡಿಸುವುದೆಂದರೆ ಇನ್ನೊಬ್ಬರ ದನಿಗೆ ತನ್ನ ದನಿಯನ್ನು ಹೊಂದಿಸುವುದು, ಬೇಕಾದಾಗ ತಗ್ಗಿಸುವುದು, ಒಬ್ಬರು ಎಡವಿದಾಗ ಉಳಿದವರು ಹಿಡಿದು ನಿಲ್ಲಿಸುವುದು. ಅದು ಕಿವಿಯ ಕೆಲಸ. ಕಿವಿ ಬೇರೆ ಕಿವಿಗಳ ನಡುವೆಯೇ ಪಳಗಬೇಕು.

ಜರ್ಮನಿಯ ಕಾರ್ಲ್ ಓರ್ಫ್ ಮತ್ತು ಗುನಿಲ್ಡ್ ಕೀಟ್‌ಮನ್ ರೂಪಿಸಿದ ಪಾಠಕ್ರಮವನ್ನು ಅಮೆರಿಕದ ಅನೇಕ ಸಂಗೀತ ಶಿಕ್ಷಕರು ಇಂದಿಗೂ ಅನುಸರಿಸುತ್ತಾರೆ. ಅವರು ಬಳಕೆಗೆ ತಂದ ಪುಟ್ಟ ಕ್ಸೈಲೊಫೋನುಗಳ ಪಟ್ಟಿಗಳನ್ನು ಬಿಡಿಸಿ ತೆಗೆಯಬಹುದು. ಏಳು ಸ್ವರಗಳಲ್ಲಿ ‘ಫಾ’ ಮತ್ತು ‘ಟಿ’ಗಳ ಪಟ್ಟಿಗಳನ್ನು ತೆಗೆದುಬಿಟ್ಟರೆ ಉಳಿಯುವುದು ಐದು, ಅವುಗಳಲ್ಲಿ ಯಾವುದನ್ನು ಯಾರು ಯಾವಾಗ ಹೊಡೆದರೂ ಕಿವಿಗೆ ಒರಟಾಗಿ ತಾಗುವುದಿಲ್ಲ. ಮಗು ತಪ್ಪುವ ಭಯವಿಲ್ಲದೆ ತನ್ನದೇ ಸ್ವರಮಾಲೆಯನ್ನು ಕಟ್ಟಬಲ್ಲದು. ಕರ್ನಾಟಕ ಸಂಗೀತ ಬಲ್ಲವರು ಇದನ್ನು ಒಡನೆಯೇ ಗುರುತಿಸುತ್ತಾರೆ: ಮಧ್ಯಮ, ನಿಷಾದಗಳನ್ನು ಬಿಟ್ಟರೆ ಉಳಿಯುವುದು ಮೋಹನ ರಾಗದ ಸ್ವರಗಳೇ. ಇದೂ ಒಂದು ತಂತ್ರಜ್ಞಾನ. ಆದರೆ ಇದರಲ್ಲಿ ಉಪಕರಣ ಮಗುವಿನ ದಾರಿಯನ್ನು ಸುಗಮಗೊಳಿಸಿ ಪಕ್ಕಕ್ಕೆ ಸರಿಯುತ್ತದೆ. ಯಾವ ಸ್ವರ, ಎಷ್ಟು ಹೊತ್ತು ಎಂಬ ತೀರ್ಮಾನ ಮಗುವಿಗೇ ಬಿಟ್ಟದ್ದು.

ಆದ್ದರಿಂದ ಜಗಳ ವಿದ್ಯುತ್ತಿನ ಜೊತೆಗಲ್ಲ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪುಗೊಂಡಾಗ ಮೂಗು ಮುರಿದ ವಿದ್ವಾಂಸರಿದ್ದರು. ಇಂದು ಅದಿಲ್ಲದ, ಅಥವಾ ಫೋನಿನಲ್ಲಿ ಅದರ ಮರಿಯಿಲ್ಲದ, ಸಂಗೀತದ ಮನೆ ಅಪರೂಪ. ಅದು ಶ್ರುತಿಯನ್ನು ಹಿಡಿದು ನಿಲ್ಲುತ್ತದೆಯೇ ಹೊರತು ಹಾಡುವವರನ್ನು ಹಿಂದಿನಿಂದ ದಬ್ಬುವುದಿಲ್ಲ. ಗೂಗಲ್ 2016ರಲ್ಲಿ ತೆರೆದಿಟ್ಟ ಕ್ರೋಮ್ ಮ್ಯೂಸಿಕ್ ಲ್ಯಾಬ್‌ನಲ್ಲಿ ಮಗು ಚೌಕಗಳನ್ನು ತುಂಬಿ ತನ್ನದೇ ಧಾಟಿಯೊಂದನ್ನು ಕಟ್ಟಿ, ಕೇಳಿ, ಹಿಡಿಸದಿದ್ದರೆ ಅಳಿಸಬಹುದು. ಮಕ್ಕಳ ಹಾಡನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸುವುದಂತೂ ಒಂದು ಸಾಧಾರಣ ಫೋನಿನಿಂದ ಆಗುವ ಕೆಲಸ. ಅದಕ್ಕಿಂತ ಒಳ್ಳೆಯ ವಿಮರ್ಶಕ ಇನ್ನೊಂದಿಲ್ಲ. ಪ್ಲೇ ಅಲಾಂಗ್ ಕೂಡ ಹತ್ತು ನಿಮಿಷದ ಪೀಠಿಕೆಯಾಗಿ, ವೇಗವನ್ನು ತಗ್ಗಿಸಿ ನಿಲ್ಲಿಸಬಲ್ಲ ಶಿಕ್ಷಕಿಯ ಬೆರಳ ತುದಿಯಲ್ಲಿದ್ದಾಗ, ಉಪಯುಕ್ತ ಸಾಧನವೇ.

ಆ ಬೆರಳಿಲ್ಲದ ಶಾಲೆಗಳು ಯಾವುವು ಎಂಬುದು ರಾಜಕೀಯದ ಪ್ರಶ್ನೆ. ನ್ಯೂಯಾರ್ಕ್ ನಗರದ ಲೆಕ್ಕಪರಿಶೋಧಕರ ಕಚೇರಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅರ್ಹತೆ ಪಡೆದ ಕಲಾಶಿಕ್ಷಕರು ಪೂರ್ಣಕಾಲಕ್ಕಾಗಲಿ ಅರೆಕಾಲಕ್ಕಾಗಲಿ ಇಲ್ಲದ ಶಾಲೆಗಳಲ್ಲಿ ಶೇ. 42ಕ್ಕಿಂತ ಹೆಚ್ಚು ಇದ್ದದ್ದು ಸೌತ್ ಬ್ರಾಂಕ್ಸ್ ಮತ್ತು ಮಧ್ಯ ಬ್ರೂಕ್ಲಿನ್‌ಗಳಲ್ಲಿ, ಎಂದರೆ ಕಪ್ಪು ಮತ್ತು ಲ್ಯಾಟಿನೊ ಬಡವರ ಕೇರಿಗಳಲ್ಲಿ. ಕ್ಯಾಲಿಫೋರ್ನಿಯಾದ ಕಥೆ ಬೇರೆ ದಾರಿಯಿಂದ ಅಲ್ಲಿಗೇ ಬರುತ್ತದೆ. 1978ರ 13ನೇ ಪ್ರಸ್ತಾವ ಆಸ್ತಿ ತೆರಿಗೆಗೆ ಮಿತಿ ಹಾಕಿ ಶಾಲೆಗಳ ಬೊಕ್ಕಸವನ್ನು ಬರಿದಾಗಿಸಿದಾಗ ಮೊದಲು ಕತ್ತರಿ ಬಿದ್ದವುಗಳಲ್ಲಿ ಸಂಗೀತವೂ ಒಂದು. ಸ್ಥಿತಿವಂತ ಬಡಾವಣೆಗಳ ಪೋಷಕರು ಪ್ರತಿಷ್ಠಾನ ಕಟ್ಟಿಕೊಂಡು, ಚಂದಾ ಎತ್ತಿ, ತಮ್ಮ ಶಾಲೆಗೆ ಸಂಗೀತ ಶಿಕ್ಷಕರನ್ನು ತಂದುಕೊಂಡರು. ಸಿಲಿಕಾನ್ ಕಣಿವೆಯ ಕನ್ನಡ ಕುಟುಂಬಗಳಲ್ಲಿ ಹಲವು ಈ ಚಂದಾದಾರರ ಸಾಲಿನಲ್ಲಿವೆ. ಅವರ ಮಕ್ಕಳಿಗೆ ಶನಿವಾರ ಸರಳೆ ವರಸೆಯ ಪಾಠ ಬೇರೆ. ಅಲ್ಲಿ ಗುರು ಒಂದೇ ಸಾಲನ್ನು ಮಗು ಹಿಡಿಯುವವರೆಗೆ ಹಾಡಿಕೊಡುತ್ತಾರೆ. ಕಾಯುವ ಮನುಷ್ಯನೊಬ್ಬನ ಬೆಲೆ ಈ ಪೋಷಕರಿಗೆ ಚೆನ್ನಾಗಿ ಗೊತ್ತು, ಗಂಟೆಯ ಲೆಕ್ಕದಲ್ಲಿ ಅದನ್ನು ಕೊಡುತ್ತಲೂ ಇದ್ದಾರೆ. ಹೆದ್ದಾರಿಯ ಆಚೆಗಿನ ಶಾಲೆಗೆ ಮಾತ್ರ ವಿಡಿಯೊ ಸಾಕೆಂದು ಅವರಿಗೆ ತೋರಬಾರದು.

ಇದೇ ಕೈಗಳು ಊರಿನ ಕನ್ನಡ ಶಾಲೆಗೂ ದಾನ ಕಳಿಸುತ್ತವೆ. ಅಲ್ಲಿಯೂ ದಾನವೆಂದರೆ ಬಹುತೇಕ ಸ್ಮಾರ್ಟ್ ತರಗತಿಯೇ: ಪರದೆ, ಪ್ರೊಜೆಕ್ಟರು, ದಾನಿಗಳ ಹೆಸರಿನ ಫಲಕ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಹಾಡಿಗೆ ದೊರೆತ ಸ್ಥಾನವನ್ನು ಯಾವ ಪರದೆಯೂ ಕೊಟ್ಟದ್ದಲ್ಲ. ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಹಾಡಿದ ಶಿಕ್ಷಕರು ಕೊಟ್ಟದ್ದು. ಪರದೆ ಒಮ್ಮೆ ಕೊಂಡರೆ ಮುಗಿಯಿತು, ಸಂಬಳ ತಿಂಗಳು ತಿಂಗಳೂ ಕೊಡಬೇಕು. ದಾನಿಗಳಾಗಲಿ ಸರ್ಕಾರಗಳಾಗಲಿ ಮೊದಲನೆಯದನ್ನೇ ಆರಿಸಿಕೊಳ್ಳುವುದು ಆಶ್ಚರ್ಯವಲ್ಲ.

28ನೇ ಪ್ರಸ್ತಾವ ಆ ಚಾಳಿಗೆ ತಡೆ ಹಾಕಲು ಯತ್ನಿಸಿದೆ. ಹಣದ ಶೇ. 30 ಬಡ ವಿದ್ಯಾರ್ಥಿಗಳ ಸಂಖ್ಯೆಯನ್ನು ಆಧರಿಸಿ ಹಂಚಿಕೆಯಾಗುತ್ತದೆ. ಹೊಸ ಹಣ ಹಳೆಯ ವೆಚ್ಚದ ಜಾಗಕ್ಕೆ ಬರಬಾರದು, ಅದರ ಮೇಲೆ ಸೇರಬೇಕು ಎಂಬ ನಿಯಮವೂ ಇದೆ. ಈ ನಿಯಮ ಮುರಿದಿದೆಯೆಂದು ಆರೋಪಿಸಿ, ಪ್ರಸ್ತಾವದ ಕರ್ತೃವೇ ಆದ ಆಸ್ಟಿನ್ ಬ್ಯೂಟ್ನರ್ 2025ರಲ್ಲಿ, ತಾವೇ ಒಮ್ಮೆ ಮುಖ್ಯಸ್ಥರಾಗಿದ್ದ ಲಾಸ್ ಏಂಜಲೀಸ್ ಶಿಕ್ಷಣ ಜಿಲ್ಲೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಉಳಿದ ಜಿಲ್ಲೆಗಳ ಲೆಕ್ಕ ಕೇಳಲು ದಾವೆ ಬೇಕಿಲ್ಲ. ಹಣ ಹೇಗೆ ವೆಚ್ಚವಾಯಿತೆಂಬ ವಾರ್ಷಿಕ ವರದಿಗೆ ಶಾಲಾ ಮಂಡಳಿ ಒಪ್ಪಿಗೆ ನೀಡಿ ಅದನ್ನು ಸಾರ್ವಜನಿಕಗೊಳಿಸಬೇಕು. ಮಂಡಳಿಯ ಸಭೆಯಲ್ಲಿ ಎದ್ದುನಿಂತು ಮಾತನಾಡುವ ಹಕ್ಕು ಪೌರತ್ವವಿಲ್ಲದ ಪೋಷಕರಿಗೂ ಉಂಟು. ಶೇ. 80ರಲ್ಲಿ ಎಷ್ಟು ಹೊಸ ಶಿಕ್ಷಕರು ಬಂದರು, ಜಿಲ್ಲೆಯ ಅತಿ ಬಡ ಶಾಲೆಯಲ್ಲಿ ಸಂಗೀತ ಶಿಕ್ಷಕಿ ವಾರಕ್ಕೆ ಎಷ್ಟು ಗಂಟೆ ಮಕ್ಕಳ ಎದುರಿಗಿರುತ್ತಾಳೆ, ಶೇ. 19ರಲ್ಲಿ ವಾದ್ಯಕ್ಕೆ ಎಷ್ಟು, ವಿಡಿಯೊ ಚಂದಾಕ್ಕೆ ಎಷ್ಟು: ಈ ಮೂರನ್ನು ಕೇಳಲು ಅಲ್ಲಿ ಸಿಗುವ ಎರಡು ಮೂರು ನಿಮಿಷ ಸಾಕು.