ಕಣದಲ್ಲಿ ಕುಸಿದ ಹುಡುಗನಿಗೆ ನಿಮ್ಮ ಎರಡು ಕೈ ಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಬಂಧುಗಳಲ್ಲಿ ಒಂದು ಬಿನ್ನಹ. ಗರಡಿಮನೆಯ ಉಸ್ತಾದರು, ಜಿಮ್ ನಡೆಸುವವರು, ಜಾತ್ರಾ ಕಮಿಟಿಯ ಹಿರಿಯರು, ಶಾಲೆಯ ಪಿ.ಟಿ. ಮಾಸ್ತರರು, ಪೊಲೀಸ್ ಭರ್ತಿಗೆಂದು ನಸುಕಿನಲ್ಲೇ ಎದ್ದು ಓಡುವ ಮಕ್ಕಳ ತಾಯಿತಂದೆಯರು ಇದನ್ನು ದಯವಿಟ್ಟು ಪೂರ್ತಿ ಓದಬೇಕು.

ಮೈಯ ಕಸುವನ್ನು ಮೆಚ್ಚುವ ಜಿಲ್ಲೆ ನಮ್ಮದು. ಸೈಕಲ್ ಪಂದ್ಯಗಳಲ್ಲಿ ವಿಜಯಪುರದ ಹೆಸರು ದೇಶಕ್ಕೆಲ್ಲ ಗೊತ್ತು. ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು, ಜೋಳದ ಚೀಲ, ಜಂಗೀ ಕುಸ್ತಿ, ಕಬಡ್ಡಿ. 1600 ಮೀಟರ್ ಓಟದ ಹೊತ್ತು ಇಳಿಸಲು ಬೆವರು ಸುರಿಸುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ಇಂಥ ಹುಡುಗನೊಬ್ಬ ಕುಸಿದುಬಿದ್ದರೆ ನಾವು ಮೊದಲು ನಂಬುವುದೇ ಇಲ್ಲ. "ಇಷ್ಟು ಗಟ್ಟಿ ಹುಡುಗ, ಬಿಸಲಿಗೆ ತಲಿ ತಿರುಗಿರಬೇಕು" ಅನ್ನುತ್ತೇವೆ. ಮುಖಕ್ಕೆ ನೀರು ಚಿಮುಕಿಸುತ್ತೇವೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತೇವೆ, ಕೈಗೆ ಕೀಲಿಕೈ ಕೊಡುತ್ತೇವೆ. ಜೀವ ಉಳಿಯಬಹುದಾಗಿದ್ದ ನಾಲ್ಕೈದು ನಿಮಿಷ ಅಷ್ಟರಲ್ಲೇ ಕಳೆದಿರುತ್ತದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ವಯಸ್ಸು 46. ವ್ಯಾಯಾಮವನ್ನು ವ್ರತದಂತೆ ಮಾಡಿದವರು ಅವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ಕ್ರಿಕೆಟಿಗ ಕೆ. ಹೊಯ್ಸಳ ಬೆಂಗಳೂರಿನಲ್ಲಿ ತಮಿಳುನಾಡಿನ ವಿರುದ್ಧ ಪಂದ್ಯ ಗೆದ್ದ ಸಂಭ್ರಮದ ನಡುವೆಯೇ ಕುಸಿದರು, ಅವರಿಗೆ 34. ಅದಕ್ಕೂ ಎಷ್ಟೋ ಮೊದಲು, 2004ರ ಡಿಸೆಂಬರ್ 5ರಂದು, ಕಂಠೀರವ ಕ್ರೀಡಾಂಗಣದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುತ್ತ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು, ಮತ್ತೆ ಏಳಲಿಲ್ಲ. 25 ವರ್ಷದ ಹುಡುಗ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ನಡೆದದ್ದೇ ಬೇರೆ. ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಕಾಲ್ಚೆಂಡಿನ ಅಂಗಳದಲ್ಲಿ ಬಿದ್ದಾಗ ಹೃದಯ ನಿಂತಿತ್ತು. ತಕ್ಷಣ ಎದೆ ಒತ್ತಲು ಶುರುಮಾಡಿದರು, ಅಲ್ಲೇ ಯಂತ್ರದಿಂದ ಶಾಕ್ ಕೊಟ್ಟರು. ಎಂಟು ತಿಂಗಳಲ್ಲಿ ಆತ ಮತ್ತೆ ಆಡಲು ಇಳಿದ. ಅಲ್ಲಿಯ ದೇಹಕ್ಕೂ ನಮ್ಮ ಹುಡುಗರ ದೇಹಕ್ಕೂ ವ್ಯತ್ಯಾಸವಿಲ್ಲ. ಸುತ್ತ ನಿಂತವರಿಗೆ ಏನು ಮಾಡಬೇಕೆಂದು ಗೊತ್ತಿತ್ತು, ಕೈಗೆಟುಕುವಲ್ಲಿ ಯಂತ್ರವಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹೊಲದ ಪೈಪು ಕಟ್ಟಿಕೊಳ್ಳುವುದು ಬೇರೆ, ಮೋಟರಿನ ಕರೆಂಟು ಕೆಡುವುದು ಬೇರೆ. ರಕ್ತನಾಳ ಕಟ್ಟಿ ಎದೆ ಹಿಡಿದುಕೊಳ್ಳುವುದು ಹೃದಯಾಘಾತ; ಆಗ ಮನುಷ್ಯನಿಗೆ ಎಚ್ಚರವಿರುತ್ತದೆ, ಬೆವರುತ್ತಾನೆ, ನೋವು ಹೇಳುತ್ತಾನೆ. ಹೃದಯದೊಳಗಿನ ವಿದ್ಯುತ್ ಏರುಪೇರಾಗಿ ಬಡಿತವೇ ನಿಲ್ಲುವುದು ಹೃದಯಸ್ತಂಭನ. ಆಗ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು. ಸಾಮಾನ್ಯವಾಗಿ 35 ದಾಟಿದವರಲ್ಲಿ ನಾಳ ಕಟ್ಟಿಕೊಳ್ಳುವುದೇ ಹೆಚ್ಚು: ಗುಟ್ಕಾ, ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್. ಅದಕ್ಕಿಂತ ಚಿಕ್ಕವರಲ್ಲಿ ಹಲವು ಸಲ ಹುಟ್ಟಿನಿಂದ ಬಂದ ದೋಷ ಅಡಗಿರುತ್ತದೆ. ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗಿದೆ. ಎಷ್ಟೋ ಮಂದಿಗೆ ಅದು ಇರುವುದೇ ತಿಳಿದಿರುವುದಿಲ್ಲ.

ಇನ್ನೊಂದು ದೋಷದ ಬಗ್ಗೆ ನಮ್ಮ ಭಾಗದಲ್ಲಿ ಬಾಯಿಬಿಟ್ಟು ಮಾತಾಡಲೇಬೇಕು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ತಾಯಿ ತಂದೆ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವ ಕಾಯಿಲೆಗಳು ಇಂಥ ಮದುವೆಗಳ ಮಕ್ಕಳಲ್ಲಿ ಹೆಚ್ಚು. ಲಾಂಗ್ ಕ್ಯೂಟಿ ಎನ್ನುವ ಹೃದಯದ ವಿದ್ಯುತ್ ದೋಷದಲ್ಲಿ ಅಂಥದೊಂದು ಬಗೆಯಿದೆ. ಅದರಲ್ಲಿ ಮಗುವಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಓಡುವಾಗ, ಬೆಚ್ಚಿಬಿದ್ದಾಗ ಎಚ್ಚರ ತಪ್ಪುತ್ತದೆ. ಮನೆಯವರು ಅದನ್ನು ಮೂರ್ಛೆರೋಗವೆಂದೋ ಗಾಳಿ ಸೋಕಿದೆಯೆಂದೋ ತಿಳಿಯುತ್ತಾರೆ. ಕಿವಿ ಕೇಳದ ಮಗು ಹೀಗೆ ಬೀಳುತ್ತಿದ್ದರೆ ತಾಯಿತವೆಂದು ಅಲೆಯಬೇಡಿ; ಮೊದಲು ಒಂದು ಇ.ಸಿ.ಜಿ. ಮಾಡಿಸಿ. ಕಾಯಿಲೆ ಗೊತ್ತಾದರೆ ಮಾತ್ರೆಗಳಿವೆ, ಚಿಕಿತ್ಸೆಯಿದೆ.

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಜನ ದಿಗಿಲುಬಿದ್ದು ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತೂ ಹಬ್ಬಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಪ್ರಶ್ನೆಯನ್ನು ಮೊದಲೇ ಕೈಗೆತ್ತಿಕೊಂಡಿತ್ತು. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ 2023ರಲ್ಲಿ ದೇಶದ 47 ಆಸ್ಪತ್ರೆಗಳ ಮೂಲಕ ನಡೆಸಿದ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ. ಕಂಡದ್ದು ಇವು: ಮನೆತನದಲ್ಲಿ ಹಿಂದೆ ನಡೆದ ಹಠಾತ್ ಸಾವು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮಾದಕವಸ್ತು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ವಿಪರೀತ ಕುಡಿತ ಇಲ್ಲವೆ ಮೈಮುರಿಯುವ ಶ್ರಮ. ರಾತ್ರಿ ಕುಡಿದು ಬೆಳಿಗ್ಗೆ ಪಂತಕ್ಕೆ ಬಿದ್ದು ಚೀಲ ಎತ್ತುವವನನ್ನು ತಡೆಯಿರಿ. ಜ್ವರ ಬಿಡುವ ಮೊದಲೇ ಓಟಕ್ಕಿಳಿಯುವವನನ್ನೂ ತಡೆಯಿರಿ. ಕೆಲವು ವೈರಾಣು ಜ್ವರಗಳು ಹೃದಯದ ಸ್ನಾಯುವಿಗೇ ಬಾವು ತರುತ್ತವೆ.

ಹಾಗಾದರೆ ಕುಸಿದವನಿಗೆ ಏನು ಮಾಡಬೇಕು? ಭುಜ ತಟ್ಟಿ ಕೂಗಿ. ಓಗೊಡದಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ, ಹೃದಯ ನಿಂತಿದೆಯೆಂದೇ ತಿಳಿಯಿರಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುವುದು ಉಸಿರಾಟವಲ್ಲ; "ಉಸುರು ಐತಿ, ಏನೂ ಆಗಿಲ್ಲ" ಎಂದು ಕಾಯುತ್ತ ಕೂರಬೇಡಿ. ಕೈಕಾಲು ಸ್ವಲ್ಪ ಅದುರಿದರೂ ಮೂರ್ಛೆಯೆಂದು ಮೋಸಹೋಗಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಚದೆ ಒತ್ತಲಿ. ಎರಡು ಇಂಚಿನಷ್ಟು ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ದಣಿದರೆ ಕೈ ಬದಲಾಗಲಿ, ಒತ್ತುವುದು ನಿಲ್ಲದಿರಲಿ. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ. ಎಲುಬು ಮುರಿದೀತೆಂದು ಅಂಜಬೇಡಿ, ಮುರಿದ ಎಲುಬು ಕೂಡುತ್ತದೆ. ಪೊಲೀಸ್ ಕೇಸಿಗೂ ಅಂಜಬೇಡಿ. ತುರ್ತಿನಲ್ಲಿ ನೆರವಾಗುವವರ ರಕ್ಷಣೆಗೆಂದೇ ಕರ್ನಾಟಕದಲ್ಲಿ ಕಾನೂನಿದೆ.

ಶಾಕ್ ಕೊಡುವ ಯಂತ್ರಕ್ಕೆ ಎ.ಇ.ಡಿ. ಎನ್ನುತ್ತಾರೆ. ಬೆಲೆ 1 ಲಕ್ಷ ರೂಪಾಯಿಯ ಆಸುಪಾಸು. ಏನು ಮಾಡಬೇಕೆಂದು ಯಂತ್ರವೇ ಮಾತಾಡಿ ಹೇಳುತ್ತದೆ, ಶಾಕ್ ಬೇಕಿಲ್ಲದವರಿಗೆ ಅದು ಕೊಡುವುದೂ ಇಲ್ಲ. ಜಾತ್ರೆಯ ಪೆಂಡಾಲು, ಆರ್ಕೆಸ್ಟ್ರಾ, ಪಟಾಕಿಗೆ ನಾವು ಸುರಿಯುವ ಹಣದಲ್ಲಿ ಊರಿಗೊಂದು ಯಂತ್ರ ಕೊಳ್ಳಬಹುದು. ಜಾತ್ರಾ ಕಮಿಟಿಯವರೇ, ಈ ವರ್ಷ ಗೆದ್ದವರಿಗೆ ಬೆಳ್ಳಿಕಡಗ ತೊಡಿಸುವ ಮೊದಲು ಇದನ್ನು ಯೋಚಿಸಿ.

ಎಚ್ಚರವಿದ್ದು ಎದೆ ಹಿಡಿದವರ ದಾರಿ ಬೇರೆ. "ಪಿತ್ತ ಆಗೈತಿ, ಸೋಡಾ ಕುಡಿ" ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಎಷ್ಟು ಜೀವ ಹೋಗಿವೆಯೋ. ನಮ್ಮ ನಾಲ್ಕು ತಾಲ್ಲೂಕು ಊರುಗಳಿಂದ ವಿಜಯಪುರ ನಗರ ಸುಮಾರು 40ರಿಂದ 80 ಕಿಲೋಮೀಟರ್ ದೂರ. ಆದರೂ ಕಾರು ಹತ್ತಿಸಿ ನೇರ ವಿಜಯಪುರಕ್ಕೋ ಸೋಲಾಪುರಕ್ಕೋ ಓಡುವುದೇ ರೂಢಿ. ಪುನೀತ್ ಹೆಸರಿನಲ್ಲಿ ಸರ್ಕಾರ ತಂದ ಹೃದಯಜ್ಯೋತಿ ಯೋಜನೆಯ ಉದ್ದೇಶವೇ ಈ ದೂರವನ್ನು ಗೆಲ್ಲುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ದೊಡ್ಡ ಆಸ್ಪತ್ರೆಯ ಹೃದಯತಜ್ಞರಿಗೆ ಹೋಗುತ್ತದೆ. ಅವರು ಬೇಕೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು, ಇಲ್ಲಿ ಉಚಿತ. ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಒಯ್ಯುವುದಾಗಿ ಸರ್ಕಾರ 2025ರ ಜುಲೈನಲ್ಲಿ ಹೇಳಿದೆ. ಕಾಗದದ ಮೇಲಿನ ಯೋಜನೆ ರಾತ್ರಿ ಎರಡು ಗಂಟೆಗೂ ಕೆಲಸ ಮಾಡುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಆಸ್ಪತ್ರೆಗೆ ಹೋಗಿ ಕೇಳಿ: ಮದ್ದು ದಾಸ್ತಾನಿದೆಯೇ, ಇ.ಸಿ.ಜಿ. ಯಂತ್ರ ನಡೆಯುತ್ತಿದೆಯೇ, ರಾತ್ರಿ ಪಾಳಿಯಲ್ಲಿ ಅದನ್ನು ಬಲ್ಲವರು ಇರುತ್ತಾರೆಯೇ? ಉತ್ತರ ಸಿಗದಿದ್ದರೆ ಶಾಸಕರನ್ನು ಕೇಳಿ.

ಇಟಲಿಯಲ್ಲಿ 1982ರಿಂದ ಸ್ಪರ್ಧೆಗಿಳಿಯುವ ಪ್ರತಿ ಆಟಗಾರನಿಗೂ ಇ.ಸಿ.ಜಿ. ಕಡ್ಡಾಯ. ಅಲ್ಲಿಯ ವೆನೆಟೊ ಪ್ರಾಂತದಲ್ಲಿ ಆ ಮೇಲಿನ ಎರಡು ದಶಕಗಳಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಹೃದಯ ಸಾವು ನೂರಕ್ಕೆ 89ರಷ್ಟು ಇಳಿಯಿತು. ಇ.ಸಿ.ಜಿ.ಯಲ್ಲಿ ಎಲ್ಲ ದೋಷವೂ ಸಿಗುವುದಿಲ್ಲ, ನಿಜ. ಆದರೆ ಓಡುವಾಗ ಒಮ್ಮೆಯಾದರೂ ಎಚ್ಚರ ತಪ್ಪಿದವನು, ಶ್ರಮಪಟ್ಟಾಗ ಎದೆ ಬಿಗಿಯುವವನು, ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ಹಠಾತ್ತನೆ ತೀರಿಕೊಂಡವನು ವೈದ್ಯರಿಗೆ ತೋರಿಸದೆ ಕಣಕ್ಕಿಳಿಯಬಾರದು. ಭರ್ತಿಯಲ್ಲಿ ತೆಗೆದುಹಾಕಿಯಾರೆಂದು ಹುಡುಗರು ಇದನ್ನು ಮುಚ್ಚಿಡುತ್ತಾರೆ. ತಮ್ಮಂದಿರೇ, ತಂಗಿಯರೇ, ಮುಚ್ಚಿಡಬೇಡಿ. ಉಸ್ತಾದರೇ, ಹೊಸ ಹುಡುಗ ಮಣ್ಣಿಗಿಳಿಯುವ ಮೊದಲು ಈ ಮೂರು ಪ್ರಶ್ನೆ ನೀವೇ ಕೇಳಿ.

ನನ್ನ ಕೋರಿಕೆ ಇಷ್ಟೇ. ಮುಂದಿನ ಪಂದ್ಯದ ದಿನ ಗೊತ್ತುಮಾಡುವ ಮೊದಲು ಪ್ರತಿ ಗರಡಿ, ಜಿಮ್, ಶಾಲೆಯಿಂದ ಇಬ್ಬಿಬ್ಬರು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಎದೆ ಒತ್ತುವುದನ್ನು ಕಲಿಸಿಕೊಡಿ ಎಂದು ವೈದ್ಯರನ್ನು ಕೇಳಿ. ಕಲಿತು ಬಂದವರು ಊರಿನ ಉಳಿದವರಿಗೆ ಕಲಿಸಿ.